ವಕಾರದ ಮೇಷ್ಟ್ರು

ಏಪ್ರಿಲ್ 29, ಸೋಮವಾರ

ಪೋವುವಾ ದ ವರ್ಜಿಂ. ಊರಿನ ಹೆಸರನ್ನು ಇಲ್ಲಿ ಒಮ್ಮೆಯಾದರೂ ಶುದ್ಧವಾಗಿ ಬರೆದಿಡುತ್ತೇನೆ. ರೈಲು ನಿಲ್ದಾಣದಿಂದ ಈ ಮನೆಯವರೆಗೆ ಕೂಲಿಯವನು, ಪೊಲೀಸಿನವನು, ಮೀನಿನ ಬುಟ್ಟಿ ಹೊತ್ತ ಹೆಂಗಸು, ಒಬ್ಬರ ಬಾಯಲ್ಲೂ ಅದು ಸರಿಯಾಗಿ ಬರಲಿಲ್ಲ. ಪೋಬುವಾ ದ ಬರ್ಜಿಂ ಅಂತೆ. ಉತ್ತರದ ಈ ಸೀಮೆಯಲ್ಲಿ 'ವ' ಎಂಬ ಧ್ವನಿ ಹುಟ್ಟಲೇ ಇಲ್ಲ. ಎಲ್ಲವೂ 'ಬ'. ದ್ರಾಕ್ಷಾರಸ ವಿನ್ಯು ಅಲ್ಲ, ಬಿನ್ಯು. ಹಸು ವಾಕಾ ಅಲ್ಲ, ಬಾಕಾ. ತಮ್ಮ ಊರಿನ ಹೆಸರನ್ನೇ ಹೇಳಲಾರದವರಿಗೆ ಜೂನ್ ಮಧ್ಯದೊಳಗೆ ನಾನು ಉಚ್ಚಾರ ಕಲಿಸಬೇಕು.

ಇಲ್ಲಿನ ಹವ್ಯಾಸಿ ನಾಟಕ ಸಂಘದ ನಾಟಕವೊಂದನ್ನು ನಮ್ಮ ಲಿಸ್ಬನ್ ರೇಡಿಯೋ ಧ್ವನಿಮುದ್ರಿಸಿಕೊಂಡು ದೇಶಕ್ಕೆಲ್ಲ ಕೇಳಿಸಲಿದೆ. "ನಾಟಕ ಚೆನ್ನಾಗಿದೆ, ಬಾಯಿ ಚೆನ್ನಾಗಿಲ್ಲ" ಎಂದರು ರೇಡಿಯೋದ ನಿರ್ದೇಶಕ ಟಾವೊರಾ. ಬಾಯಿ ತೊಳೆಯಲು ನನ್ನನ್ನು ಕಳಿಸಿದ್ದಾರೆ. ಕೆಲಸ ಕೈಗೂಡಿದರೆ ಖಾಲಿ ಬಿದ್ದಿರುವ ಮುಖ್ಯ ವಾರ್ತಾವಾಚಕನ ಕುರ್ಚಿ ನನ್ನದು. ಹವಾಮಾನ ಓದುತ್ತ ಓದುತ್ತ ನನ್ನ ತಲೆ ನರೆತಿದೆ. ಸುಂಟರಗಾಳಿಯನ್ನೂ ಸೋನೆಮಳೆಯನ್ನೂ ಒಂದೇ ಸಮನಾದ ದನಿಯಲ್ಲಿ ಓದಿದ್ದೇನೆ. ಆ ಕುರ್ಚಿ ನನಗೆ ಬೇಕು. ಇದನ್ನು ಇನ್ನೆಲ್ಲೂ ಹೇಳಿಕೊಳ್ಳುವಂತಿಲ್ಲ, ಇಲ್ಲಿ ಹೇಳಿಕೊಳ್ಳುತ್ತೇನೆ.

ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಹೇಳಿಕೊಂಡೇ ಬರೆಯುವವನು ನಾನು. ಬಾಯಿ ಹೇಳಿದ್ದನ್ನು ಕೈ ಬರೆಯುತ್ತದೆ. ಉದ್ಯೋಗದ ಚಟ. ಗೋಡೆಯಾಚೆ ಮನೆಯೊಡತಿಗೆ ಕೇಳಿಸುತ್ತಿದೆಯೋ ಏನೋ, ಮೆಲ್ಲಗೆ ಹೇಳಿಕೊಳ್ಳಬೇಕು.

ಮನೆಯೊಡತಿ ಶ್ರೀಮತಿ ಜೆನೊವೇವಾ ವಿಧವೆ, ಉಣ್ಣೆಯ ಅಂಗಿ ಹೆಣೆದು ಮಾರುತ್ತಾರೆ, ಕೋಣೆ ಬಾಡಿಗೆಗೆ ಕೊಡುತ್ತಾರೆ. ನಾಟಕದ ನಾಯಕಿಯೂ ಅವರೇ. ಹೆಸರು ಕೇಳಿದೆ.

"ಜೆನೊಬೇಬಾ."

"ಅದರಲ್ಲಿ ಎರಡು ವ ಇವೆಯಲ್ಲ, ಅಮ್ಮ?"

"ಇದ್ರೆ ಇರ್ಲಿ ಬಿಡಿ ಮೇಷ್ಟ್ರೇ. ಇಷ್ಟು ಬರ್ಷದಿಂದ ಅವುಗಳ ತಂಟೆಗೆ ನಾನು ಹೋಗಿಲ್ಲ, ನನ್ನ ತಂಟೆಗೆ ಅವು ಬಂದಿಲ್ಲ."

ಏಪ್ರಿಲ್ 30, ಮಂಗಳವಾರ

ಮೊದಲ ಪಾಠ. ಸಂಘದ ಕೋಣೆ ಬಲೆಗಳ ಗೋದಾಮಿನ ಮೇಲಿದೆ. ಕೆಳಗಿನ ನಾತ ಮೇಲಕ್ಕೆ ಬರುತ್ತದೆ, ಮೇಲಿನ ಮಾತು ಕೆಳಕ್ಕೆ ಹೋಗುತ್ತದೆ. ನಾಟಕ ಬರೆದವರು ಔಷಧಿ ಅಂಗಡಿಯ ಎವರಿಸ್ಟು. ಕಥೆ ಇಷ್ಟು: ಕಾಡ್ ಮೀನು ಹಿಡಿಯಲು ಹಡಗು ಹತ್ತಿದ ಗಂಡ ಸತ್ತನೆಂದು ಊರೆಲ್ಲ ನಂಬಿ ಎಷ್ಟೋ ಕಾಲವಾದ ಮೇಲೆ ಮನೆಗೆ ಬರುತ್ತಾನೆ. ಹೆಂಡತಿಯ ಪಾತ್ರ ಶ್ರೀಮತಿ ಜೆನೊವೇವಾ ಅವರದು, ಗಂಡನ ಪಾತ್ರ ಕ್ಷೌರಿಕ ಬೆಂಟುವಿನದು.

ಕೊನೆಯ ಅಂಕದಲ್ಲಿ ಹೆಂಡತಿ ಕಿಟಕಿಯ ಬಳಿ ನಿಂತು, ಹೊರಗೆ ಗಾಳಿ ಎದ್ದಿದೆ ಎನ್ನಬೇಕು. ಗಾಳಿಗೆ ನಮ್ಮ ಮಾತು ವೆಂಟು. ಇವರ ಬಾಯಲ್ಲಿ ಅದು ಬೆಂಟು.

"ಹೊರಗೆ ಬೆಂಟು ಎದ್ದಿದೆ," ಎಂದರು ಶ್ರೀಮತಿ ಜೆನೊವೇವಾ, ಕಣ್ಣಲ್ಲಿ ನೀರು ತಂದುಕೊಂಡು.

"ಇಲ್ಲೇ ಕೂತಿದೀನಲ್ಲಮ್ಮ," ಎಂದ ಕ್ಷೌರಿಕ.

ಮೇಲಿನ ಹಲ್ಲನ್ನು ಕೆಳತುಟಿಯ ಮೇಲಿಟ್ಟು ಉಸಿರು ಬಿಡಿ ಎಂದು ತೋರಿಸಿಕೊಟ್ಟೆ. ತನ್ನ ಮೇಲಿನ ಹಲ್ಲು ಹೋದ ಬರ್ಷವೇ ಹೋದವೆಂದೂ ಬೇಕಿದ್ದರೆ ಎರವಲು ತರುತ್ತೇನೆಂದೂ ಬೆಂಟು ಹೇಳಿದ. ಅವನ ಬಾಯಿ ತೆರೆಸಿ ನೋಡಿದೆ. ಎಲ್ಲ ಹಲ್ಲೂ ಇವೆ.

ಮೇ 3, ಶುಕ್ರವಾರ

ಬೇಕರಿಯವಳಿಗೆ ಕಿವಿ ಮಂದ. ಪಾಂವ್ ಕೊಡಿ ಎಂದು ಮೂರು ಸಲ ಕೇಳಿದೆ. ರೊಟ್ಟಿಯಂಥ ಸರಳ ಪದಾರ್ಥವನ್ನು ಬೆರಳು ತೋರಿಸಿ ಕೊಳ್ಳಬೇಕಾಯಿತು. "ಸೊಪ್ಪು ತಿನ್ನೋರಿಗೆ ರೊಟ್ಟಿ ಯಾಕೋ," ಎಂದು ಒಳಗಿದ್ದ ಗಂಡನಿಗೆ ಹೇಳಿದಳು. ಲಿಸ್ಬನ್ನಿನವರನ್ನು ಇವರು ಕರೆಯುವುದೇ ಹಾಗೆ.

ಪಾಠದಲ್ಲೂ ದಂಗೆ. ನಾನು ಟೆಲಿಫೋನ್ ಎಂದೆ, ಅವರಿಗೆ ತ್ಲ್‌ಫೋನ್ ಎಂದು ಕೇಳಿಸಿತಂತೆ.

"ನಾವು ಒಂದಕ್ಷರ ಬದಲಾಯಿಸ್ತೀವಿ ಮೇಷ್ಟ್ರೇ, ಒಪ್ಪಿದೆ," ಎಂದ ಬೆಂಟು. "ನೀವು ಮಧ್ಯದ ಸ್ವರಾನೆಲ್ಲ ನುಂಗೇ ಬಿಡ್ತೀರಲ್ಲ, ಅಲ್ಲಿ ಊಟ ಹಾಕಲ್ವಾ?"

"ಉಳಿದಿದ್ದೆಲ್ಲ ಶ್ ಶ್ ಶ್," ಎಂದರು ಶ್ರೀಮತಿ ಜೆನೊವೇವಾ. "ಮಗೂನ ಮಲಗಿಸೋ ಹಾಗೆ."

ನಾನು ನಗಲಿಲ್ಲ. ರಾಜಧಾನಿಯ ಉಚ್ಚಾರವೇ ಉಚ್ಚಾರ, ಅದರಲ್ಲಿ ವಾದವೇನು ಬಂತು.

ಮೇ 11, ಶನಿವಾರ

ಅನಾಹುತ.

ಬೆಳಿಗ್ಗೆ ಬಾಗಿಲು ಬಡಿದ ಸದ್ದು. "ಮೇಷ್ಟ್ರೇ, ವಾಗಿಲು ತೆಗೀರಿ. ವೆಳಗಾಯ್ತು. ವಿಸಿ ನೀರು ತಂದಿದೀನಿ."

ತೆಗೆದೆ. ಶ್ರೀಮತಿ ಜೆನೊವೇವಾ ಹೂಜಿ ಹಿಡಿದು ನಿಂತಿದ್ದರು, ಮುಖದಲ್ಲಿ ಹಬ್ಬ. ರಾತ್ರಿಯೆಲ್ಲ ಅಭ್ಯಾಸ ಮಾಡಿದರಂತೆ. ವಕಾರ ಬಂದಿದೆ. ಬಂದದ್ದು ಬಂದಿತು, ನಿಲ್ಲಬೇಕಾದ ಕಡೆ ನಿಲ್ಲುವುದು ಗೊತ್ತಿಲ್ಲದೆ ಮನೆಯೆಲ್ಲ ಓಡಾಡುತ್ತಿದೆ. ಶುದ್ಧವಾಗಿ ಮಾತಾಡಬೇಕೆಂಬ ಹಟದಲ್ಲಿ ಇರುವ ಬಕಾರವೆಲ್ಲ ವಕಾರವಾಗಿದೆ. ಒಬ್ಬರಿಗಲ್ಲ, ಸಂಘಕ್ಕೆಲ್ಲ ಈ ಜ್ವರ ಹತ್ತಿದೆ. ಕ್ಷೌರಿಕ ಬೆಂಟುವನ್ನು ಎಲ್ಲರೂ ವೆಂಟು ಎಂದು ಕರೆಯುತ್ತಿದ್ದಾರೆ. ಅಂದರೆ ಇವತ್ತಿನಿಂದ ಅವನು ಗಾಳಿ. ಬಾಕಲ್ಯಾವ್ ಮೀನು ವಾಕಲ್ಯಾವ್ ಆಗಿದೆ, ಅರ್ಧ ಹಸು ಅರ್ಧ ಮೀನು.

ಸಂಜೆಯ ಪಾಠದಲ್ಲಿ ಗಂಡ ಹಿಂತಿರುಗುವ ದೃಶ್ಯ, ಊರಿನವರು ಬಿಕ್ಕಿ ಬಿಕ್ಕಿ ಅಳುತ್ತಾರಂತೆ ಅದನ್ನು ಕೇಳಿ. ಶ್ರೀಮತಿ ಜೆನೊವೇವಾ ಕೈ ಚಾಚಿ, "ವಾ, ವಾಗಿಲು ತೆರೆದೇ ಇದೆ," ಎಂದರು. ನನಗೂ ಅಳು ಬಂತು.

"ಹೇಗಿತ್ತು?" ಎಂದು ಕೇಳಿದರು.

"ವ ಚೆನ್ನಾಗಿದೆ," ಎಂದೆ. ಸುಳ್ಳಲ್ಲ.

ಮೇ 14, ಮಂಗಳವಾರ

ಔಷಧಿ ಅಂಗಡಿಯ ಫೋನಿಗೆ ಟಾವೊರಾ ಕರೆ ಮಾಡಿದ್ದರು. ಪ್ರಗತಿ ಹೇಗೆ ಎಂದರು. ಸಂತೋಷಕರ ಎಂದೆ. ನಾಟಕಕ್ಕೆ ಮುನ್ನುಡಿಯನ್ನು ನೀವೇ ಓದಿ, ಅದನ್ನು ಕೇಳಿ ಕುರ್ಚಿಯ ತೀರ್ಮಾನ ಮಾಡೋಣ ಎಂದರು. ರಾತ್ರಿ ಊಟ ಸೇರಲಿಲ್ಲ.

ಮೇ 19, ಭಾನುವಾರ

ದಾರಿ ಕಂಡಿದೆ. ಕಂಡವರು ಶ್ರೀಮತಿ ಜೆನೊವೇವಾ.

ಇಲ್ಲಿಯ ಹೆಂಗಸರು ಬಿಳಿ ಉಣ್ಣೆಯ ಮೇಲೆ ಕೆಂಪು ಕಪ್ಪು ನೂಲಿನಲ್ಲಿ ಚಿತ್ರ ತೆಗೆಯುತ್ತಾರೆ, ಮಾದರಿ ನೋಡದೆ, ಬೆರಳಿನ ನೆನಪಿನಲ್ಲೇ. "ನೀವು ಮಾತು ಓದ್ತಾ ಹೋಗಿ," ಎಂದರು ಮಧ್ಯಾಹ್ನ. "ವ ಬಂದ್ರೆ ಕೆಂಪು ಹಾಕ್ತೀನಿ, ಬ ಬಂದ್ರೆ ಕಪ್ಪು. ಕೈಗೆ ಕೂತ್ರೆ ಬಾಯಿಗೂ ಕೂರುತ್ತೆ."

ಓದಿದೆ. ಆಕೆಯ ಸೂಜಿ ನಿಂತುಬಿಟ್ಟಿತು.

"ನೀವು ಹೇಳಿದ್ದೆಲ್ಲ ಒಂದೇ ಥರ ಕೇಳಿಸುತ್ತೆ. ಮೊದಲು ನಮ್ಮ ಥರ ಹೇಳಿ, ಆಮೇಲೆ ನಿಮ್ಮ ಥರ. ಆಗ ಎಲ್ಲಿ ಬೇರೆ ಅಂತ ಗೊತ್ತಾಗುತ್ತೆ."

ಹೀಗೆ ಪ್ರತಿ ಸಾಲನ್ನೂ ಎರಡೆರಡು ಸಲ ಹೇಳಿದೆ, ಒಮ್ಮೆ ಅವರಂತೆ, ಒಮ್ಮೆ ನನ್ನಂತೆ. ಅವರಂತೆ ಹೇಳುವಾಗ ಮೊದಮೊದಲು ಕೆಟ್ಟ ಮಾತು ಆಡಿದಷ್ಟು ಸಂಕೋಚವಾಯಿತು. ಬಕಾರಕ್ಕೆ ತುಟಿಯೆರಡೂ ಕೂಡಬೇಕು. ಲಿಸ್ಬನ್ನಿನಲ್ಲಿ ನಾವು ತುಟಿಯನ್ನು ಅಷ್ಟು ದುಡಿಸುವುದಿಲ್ಲ. ಸಂಜೆಯ ಹೊತ್ತಿಗೆ ಒಂದು ಅಂಕ ಮುಗಿಯಿತು, ಕೆಂಪು ಕಪ್ಪಿನ ಪಟ್ಟಿ ಅವರ ಮಡಿಲು ದಾಟಿತ್ತು. ಬಾಯಿ ನೋಯುತ್ತಿದೆ. ಹಸಿವು ಮಾತ್ರ ಚೆನ್ನಾಗಿದೆ.

ಮೇ 27, ಸೋಮವಾರ

ಉಪಾಯ ಫಲಿಸಿತು. ಒಬ್ಬೊಬ್ಬರೂ ಆ ಪಟ್ಟಿಯನ್ನು ಬೆರಳಿನಲ್ಲಿ ಸವರುತ್ತ ಮಾತು ಒಪ್ಪಿಸುತ್ತಾರೆ. ಕೆಂಪಿಗೆ ವ, ಕಪ್ಪಿಗೆ ಬ, ಒಂದೂ ತಪ್ಪುವುದಿಲ್ಲ. ಕ್ಷೌರಿಕ ಮತ್ತೆ ಬೆಂಟು ಆಗಿದ್ದಾನೆ, ಗಾಳಿ ಮತ್ತೆ ಗಾಳಿಯಾಗಿದೆ. "ಗಾಳಿಯಾಗಿದ್ದಾಗ ಹೆಂಡ್ತಿ ಹೆಚ್ಚು ಮರ್ಯಾದೆ ಕೊಡ್ತಿದ್ಳು," ಎಂದು ಅವನಿಗೆ ಬೇಸರ.

ದಿನವೂ ಮಧ್ಯಾಹ್ನ ನಾನೂ ಜೆನೊವೇಬಾಳೂ ಎರಡೆರಡು ಥರದಲ್ಲಿ ಓದುತ್ತೇವೆ. ಈಗ ಪಾಠ ಮುಗಿದ ಮೇಲೂ ಬಾಗಿಲಲ್ಲಿ ಕೂತು ಮಾತಾಡುವುದುಂಟು. ಆಕೆ ಒಳ್ಳೆಯ ಮಾತುಗಾತಿ. ರಾತ್ರಿ ಎಲೆಕೋಸಿನ ಸಾರು, ಕಾಲ್ಡು ಬೆರ್ಡ್, ಮಾಡಿದ್ದರು. ಎರಡು ಬಟ್ಟಲು ಕುಡಿದೆ.

ಬೇಕರಿಯವಳ ಕಿವಿಯೂ ಸರಿಹೋಗಿದೆ. ನಾನು ಕೇಳಿದ್ದನ್ನು ಮೊದಲ ಸಲಕ್ಕೇ ಕೊಡುತ್ತಾಳೆ. ಔಷಧಿ ಮಾಡಿಸಿಕೊಂಡಿರಬೇಕು.

ಜೂನ್ 5, ಬುಧವಾರ

ಇನ್ನು ಒಂದೇ ಬಾರ. ಸಂಘದವರಿಗೆ ಹೇಳಿಕೊಡಲು ನನ್ನಲ್ಲಿ ಏನೂ ಉಳಿದಿಲ್ಲ, ಆದರೂ ದಿನಾ ಹೋಗುತ್ತೇನೆ. ಬೆಂಟು ಪುಕ್ಕಟೆ ಕ್ಷೌರ ಮಾಡುತ್ತಾನೆ, ಎಬರಿಸ್ಟು ಬೆಳ್ಳನೆಯ ಬೋಗುಣಿಯಲ್ಲಿ ಬಿನ್ಯು ತುಂಬಿಸಿ ಕೊಡುತ್ತಾರೆ, ಬೇಡ ಎಂದರೆ ಕೋಪ.

ಸಂಜೆ ಜೆನೊಬೇಬಾಳ ಜೊತೆ ಬಂದರಿನ ಕಟ್ಟೆಯವರೆಗೆ ನಡೆದೆ. ಕುರ್ಚಿಯ ಬಿಷಯ ಬಂತು.

"ಅದರಲ್ಲಿ ಕೂತ್ರೆ ಏನಾಗುತ್ತೆ ಮೇಷ್ಟ್ರೇ?"

"ದೇಶವೆಲ್ಲ ನನ್ನ ದನಿ ಕೇಳುತ್ತೆ."

"ಕೇಳಿ?"

"ಕೇಳಿ, ನಂಬುತ್ತೆ."

"ತಿರುಗಿ ಏನಾದ್ರೂ ಹೇಳುತ್ತಾ?"

ರೇಡಿಯೋದಲ್ಲಿ ತಿರುಗಿ ಹೇಳುವ ಏರ್ಪಾಡಿಲ್ಲವೆಂದು ಬಿವರಿಸಿದೆ. ಸ್ವಲ್ಪ ದೂರ ಹೋದ ಮೇಲೆ, "ಅಲ್ಲಿ ಊಟಕ್ಕೆ ಕೂತಾಗ ಯಾರ ಜೊತೆ ಮಾತಾಡ್ತೀರಿ?" ಎಂದಳು. ಅಲೆಯ ಸದ್ದು ಜೋರಾಗಿತ್ತು, ಕೇಳಿಸಲಿಲ್ಲ ಎಂಬಂತೆ ಇದ್ದುಬಿಟ್ಟೆ. ಕೇಳಿಸಿತ್ತು. ಯಾರ ಜೊತೆಯೂ ಇಲ್ಲ. ಮುಂದಿನ ಸುದ್ದಿಯನ್ನು ಗಟ್ಟಿಯಾಗಿ ಓದಿಕೊಳ್ಳುತ್ತ ಉಣ್ಣುತ್ತೇನೆ.

ಜೂನ್ 14, ಶುಕ್ರವಾರ

ಧ್ವನಿಮುದ್ರಣ ಆಯಿತು.

ಬ್ಯಾನಿನಲ್ಲಿ ಯಂತ್ರ ಹೇರಿಕೊಂಡು ಇಬ್ಬರು ತಂತ್ರಜ್ಞರು ಬಂದರು, ಇಬ್ಬರೂ ಲಿಸ್ಬನ್ನಿನವರು. ಅವರು ಮಾತಾಡಿದ್ದನ್ನು ನಾನೇ ಎರಡೆರಡು ಸಲ ಕೇಳಬೇಕಾಯಿತು. ಈಗಿನ ಹುಡುಗರು ಬಾಯಿ ಬಿಟ್ಟು ಮಾತಾಡುವುದಿಲ್ಲ.

ಕೋಣೆಯ ಕಿಟಕಿಗೆಲ್ಲ ಕಂಬಳಿ ಕಟ್ಟಿದರು. ಮೊದಲು ನನ್ನ ಮುನ್ನುಡಿ. "ಇದು ಪೋಬುವಾ ದ ಬರ್ಜಿಂ. ಕಡಲ ದಂಡೆಯ ಈ ಊರಿನಿಂದ ನಿಮ್ಮ ಮನೆಗಳಿಗೆ ಒಂದು ಕಥೆ ಬರುತ್ತಿದೆ." ಇಷ್ಟು ಬರ್ಷದಲ್ಲಿ ನನ್ನ ದನಿ ಹೀಗೆ ಎದೆ ತುಂಬಿ ಬಂದಿರಲಿಲ್ಲ. ತಂತ್ರಜ್ಞನೊಬ್ಬ ಕಿವಿಗೆ ಹಾಕಿದ್ದನ್ನು ಎತ್ತಿ ನನ್ನನ್ನು ನೋಡಿದ, ನಂತರ ನಸುನಕ್ಕ. ಮೆಚ್ಚಿದನೆಂದು ತೋರುತ್ತದೆ. ಸಂಘದವರಂತೂ ಸದ್ದು ಮಾಡಬಾರದೆಂದು ಹೇಳಿದ್ದಕ್ಕೆ ಅಂಗೈ ಅಂಗೈ ಮುಟ್ಟಿಸದೆ ಗಾಳಿಯಲ್ಲೇ ಚಪ್ಪಾಳೆ ತಟ್ಟಿದರು.

ಆಮೇಲೆ ನಾಟಕ. ಒಬ್ಬರೂ ತಪ್ಪಲಿಲ್ಲ. ಜೆನೊಬೇಬಾ ಕಂಬಳಿ ಕಟ್ಟಿದ ಕಿಟಕಿಯ ಬಳಿ ನಿಂತು, "ಹೊರಗೆ ವೆಂಟು ಎದ್ದಿದೆ," ಎಂದಳು. ಎಂಥ ವಕಾರ ಅದು. ಬೆಂಟು ಕೂತಲ್ಲೇ ಕಣ್ಣೊರೆಸಿಕೊಂಡ, ಅವನ ಪಾತ್ರ ಇನ್ನೂ ಬಂದಿರಲಿಲ್ಲ. ಮುಗಿದ ಮೇಲೆ ಎಲ್ಲರೂ ಕೆಳಗಿಳಿದು ಸುಟ್ಟ ಬೂತಾಯಿ ಮೀನು ತಿಂದೆವು. ತಂತ್ರಜ್ಞರು ಮುಳ್ಳು ತೆಗೆಯಲು ಬಾರದೆ ಪರದಾಡಿದರು.

ಗೆದ್ದೆ ಎಂದು ಬರೆಯಬಹುದು. ಬರೆದಿದ್ದೇನೆ.

ಜೂನ್ 21, ಶುಕ್ರವಾರ

ಪ್ರಸಾರದ ದಿನ ಗೊತ್ತಾಗಲಿ ಎಂದು ಇಲ್ಲೇ ಉಳಿದಿದ್ದೇನೆ. ಬೆಳಿಗ್ಗೆ ಎಬರಿಸ್ಟು ಅಂಗಡಿಯಿಂದ ಓಡಿ ಬಂದರು, ಲಿಸ್ಬನ್ನಿನಿಂದ ಫೋನು. ಹೋದೆ. ಹಿಂದೆ ಬೆಂಟು, ಬೆಂಟುವಿನ ಹಿಂದೆ ಅರ್ಧ ಕ್ಷೌರವಾಗಿದ್ದ ಒಬ್ಬ ಗಿರಾಕಿ.

"ನಮಸ್ಕಾರ, ಟಾಬೊರಾ ಅವರೇ," ಎಂದೆ.

"ಯಾರು ಮಾತಾಡ್ತಿರೋದು? ವಾಲೆಂಟಿಂ ಅವರನ್ನ ಕರೀರಿ."

"ನಾನೇ."

"ಹೌದಾ? ಲೈನ್ ಸರಿಯಿಲ್ಲ. ಕೇಳಿ, ಪವಾಡ ಮಾಡಿದೀರಿ. ಆ ಹೆಂಗಸಿನ ಉಚ್ಚಾರ ಕೇಳಿ ಇಲ್ಲಿ ಎಲ್ಲರೂ ಬೆರಗಾಗಿದಾರೆ. ಭಾನುವಾರ ರಾತ್ರಿ ಪ್ರಸಾರ. ಒಂದೇ ತಕರಾರು. ಮುನ್ನುಡಿ ನೀವು ಓದಿ ಅಂದಿದ್ದೆನಲ್ಲ, ಆ ಊರಿನವನ ಕೈಲಿ ಯಾಕೆ ಓದಿಸಿದ್ರಿ?"

"ಯಾವ ಊರಿನವನು?"

"ಅದೇ, ಮೀನು ಕೂಗೋನ ಹಾಗೆ ಕೂಗಿದಾನಲ್ಲ. ಅದನ್ನ ಕತ್ತರಿಸಿ ಹಾಕಿದೀವಿ."

ಮುನ್ನುಡಿ ಓದಿದವನು ನಾನೇ ಎಂದೆ. ಅವರು ನಕ್ಕರು. ಆಮೇಲೆ ನಗು ನಿಂತಿತು.

"ಊರಿನ ಹೆಸರು ಹೇಳಿ ನೋಡೋಣ."

"ಪೋಬುವಾ ದ ಬರ್ಜಿಂ."

"ಇನ್ನೊಂದು ಸಲ."

ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಎಬರಿಸ್ಟು ಪಕ್ಕದಲ್ಲಿ ನಿಂತು ಸರಿ, ಸರಿ ಎಂದು ತಲೆಯಾಡಿಸಿದರು. ಕೊನೆಗೆ ಟಾಬೊರಾ ಸಾವಾದ ಮನೆಯಲ್ಲಿ ಮಾತಾಡುವ ದನಿಯಲ್ಲಿ, ಕುರ್ಚಿಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ನೀವು ಎರಡು ತಿಂಗಳು ಬಿಶ್ರಾಂತಿ ತೆಗೆದುಕೊಳ್ಳಿ, ನಾಲಿಗೆ ತಾನಾಗಿ ಸರಿಹೋದೀತು, ಹವಾಮಾನ ನಿಮಗೆ ಇದ್ದೇ ಇರುತ್ತದೆ ಎಂದರು.

ಫೋನ್ ಇಟ್ಟೆ. "ನಾನು ತಪ್ಪು ಹೇಳಿದೆನಾ?" ಎಂದು ಎಲ್ಲರನ್ನೂ ಕೇಳಿದೆ.

"ಎಲ್ಲಿಯ ತಪ್ಪು," ಎಂದರು ಎಬರಿಸ್ಟು. "ಬರ್ಜಿಂ ಅಂದ್ರೆ ಬರ್ಜಿಂ. ಗಂಟೆ ಹೊಡೆದ ಹಾಗೆ ಹೇಳಿದ್ರಿ."

"ಮೊದಲೆಲ್ಲ ನೀವು ಏನು ಹೇಳ್ತೀರಿ ಅಂತ ಗೊತ್ತೇ ಆಗ್ತಿರ್ಲಿಲ್ಲ," ಎಂದ ಬೆಂಟು. "ಈಗ ಸರಿಯಾಗಿದೀರಿ." ಅರ್ಧ ಕ್ಷೌರದ ಗಿರಾಕಿಯೂ ಹೌದೆಂದ.

ನನಗೂ ಸರಿಯಾಗಿಯೇ ಕೇಳಿಸಿತ್ತು. ಈ ಪುಟಗಳನ್ನು ತಿರುವಿ ನೋಡಿದೆ, ಅಂಥ ದೋಷವೇನೂ ಕಾಣಲಿಲ್ಲ. ತಂತಿಯದೇ ತೊಂದರೆ ಇರಬಹುದು.

ಇದನ್ನು ಜೆನೊಬೇಬಾಳಿಗೆ ಹೇಳಿದಾಗ ಆಕೆ ಹೆಣಿಗೆ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಕ್ಕು ಮುಗಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ, ನಿಮ್ಮ ಕುರ್ಚಿ ಹೋಯ್ತಲ್ಲ," ಎಂದಳು. ಆಗ ನನಗೆ ದುಃಖವಾಯಿತು, ಕುರ್ಚಿಗಲ್ಲ, ಆಕೆಯ ಮುಖ ಸಣ್ಣದಾದದ್ದಕ್ಕೆ. ಕುರ್ಚಿಯನ್ನು ನೆನೆದುಕೊಂಡು ಸಂಕಟ ಬರುತ್ತದೋ ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಮಧ್ಯಾಹ್ನದ ಊಟದ ಬೇಳೆಯಾಗಿತ್ತು, ಒಲೆಯ ಮೇಲಿನಿಂದ ಒಳ್ಳೆಯ ಬಾಸನೆ ಬರುತ್ತಿತ್ತು.

ಆಕೆ ಮಾತ್ರ ಬಿಡಲಿಲ್ಲ. "ನನ್ನಿಂದ ಹೋಗಿದ್ದು, ನಾನೇ ಬಾಪಸ್ ತರ್ತೀನಿ. ಎದುರಿಗೆ ಕೂತ್ಕೊಳ್ಳಿ. ಮೇಲಿನ ಹಲ್ಲು ಕೆಳಗಿನ ತುಟಿ ಮೇಲೆ ಇಡಿ. ಉಸಿರು ಬಿಡಿ. ಹಾಗಲ್ಲ, ನನ್ನ ನೋಡಿ."

ನೋಡಿದೆ. ಉಸಿರು ಬಿಟ್ಟೆ. ಆಕೆ ತಲೆಯಲ್ಲಾಡಿಸಿದಳು. ಇನ್ನೊಮ್ಮೆ, ಮತ್ತೊಮ್ಮೆ. ಹಠಮಾರಿ ಹೆಂಗಸು.

"ಬೇರೆ ಪದ ಬೇಡ, ನಿಮ್ಮ ಹೆಸರನ್ನೇ ತಗೊಳ್ಳೋಣ," ಎಂದಳು. ಈ ಮನೆಗೆ ಬಂದಾಗಿನಿಂದ ಒಮ್ಮೆಯೂ ಆಕೆ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ತುಟಿ ಹಲ್ಲು ಜೋಡಿಸಿಕೊಂಡು, "ವಾಲೆಂಟಿಂ," ಎಂದಳು.

ಅಷ್ಟು ಶುದ್ಧವಾಗಿ ರೇಡಿಯೋ ಕಚೇರಿಯಲ್ಲೂ ಯಾರೂ ಹೇಳುವುದಿಲ್ಲ. ಕಚೇರಿಯಲ್ಲೇ ಕೂತಿದ್ದೇನೆ ಅನ್ನಿಸಿತು, ಮೇಜಿನ ಮೇಲೆ ಹವಾಮಾನದ ಕಾಗದ, ಯಾರೋ ಬಾಗಿಲಿಂದ ಇಣುಕಿ ಹೆಸರು ಕೂಗಿ ಹೋದ ಹಾಗೆ.

"ಹಾಗೆ ಕರೀಬೇಡ," ಎಂದೆ. "ನಿಮ್ಮ ಥರ ಕರಿ."

ಆಕೆ ನನ್ನನ್ನೇ ನೋಡಿದಳು. ತುಟಿಯೆರಡೂ ಕೂಡಿದವು.

"ಬಾಲೆಂಟಿಂ."

"ಹೂಂ," ಎಂದೆ.